ಶಿರಾಜ್‌ಗೆ ಹೋಗದ ಗುಳಿಗೆಗಳು

ನವನಗರ, ಬಾಗಲಕೋಟೆ
7 ಡಿಸೆಂಬರ್ 2025, ರವಿವಾರ

ಪ್ರಭುಲಿಂಗ ಅವರಿಗೆ, ಮಹಾದೇವಿಯ ನಮಸ್ಕಾರ.

ನವೆಂಬರ್ ಇಪ್ಪತ್ತೆಂಟರ ಶುಕ್ರವಾರ ನಿಮ್ಮ ಕೊರಿಯರ್ ಕಂಪನಿಯ ಹುಬ್ಬಳ್ಳಿ ಕಚೇರಿ ಒಂಬತ್ತು ವರ್ಷದ ಹುಡುಗಿಯೊಬ್ಬಳ ಔಷಧವನ್ನು ವಾಪಸು ಕಳಿಸಿತು. ಆ ಕಾಗದದ ಕೆಳಗೆ ನಿಮ್ಮ ಸಹಿ ಇದೆ. ಹನ್ನೊಂದು ವರ್ಷದಿಂದ ನಾವು ಬೇರೆ ಬೇರೆ ಊರಲ್ಲಿ ಇದ್ದರೂ ಆ ಸಹಿಯನ್ನು ಗುರುತಿಸಲು ನನಗೆ ಕನ್ನಡಕ ಬೇಕಾಗಲಿಲ್ಲ.

ಗಂಡನ ಹೆಸರು ಹಿಡಿದು ಪತ್ರ ಶುರು ಮಾಡಿದ್ದನ್ನು ನಿಮ್ಮ ಅವ್ವ ನೋಡಿದ್ದರೆ ಮೂರು ದಿನ ನನ್ನ ಜೊತೆ ಮಾತು ಬಿಡುತ್ತಿದ್ದರು. ಇರಲಿ. ಇದನ್ನು ಹೆಂಡತಿಯಾಗಿ ಬರೆಯುತ್ತಿಲ್ಲ.

ಮಲೀಕಸಾಬರು ನಿಮಗೆ ನೆನಪಿರಬೇಕು. ನಾವು ನವನಗರದ ಈ ಮನೆ ಕಟ್ಟಿದಾಗ ಇಳಕಲ್ಲಿನಿಂದ ಕೆಂಪು ಕಲ್ಲು ತಂದು, ಪಾಲಿಷ್ ಮಾಡಿ, ನಮ್ಮಿಬ್ಬರ ಹೆಸರು ಕೆತ್ತಿಸಿ ಬಾಗಿಲ ಪಕ್ಕ ಕೂರಿಸಿದವರು. ಅವರ ಮಗಳು ಫರಹಾನಾ ಇಳಕಲ್ಲಿನ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿ. ಪುಣೆಯಲ್ಲಿ ಓದುವಾಗ ಇರಾನಿನಿಂದ ಬಂದಿದ್ದ ಸಹಪಾಠಿಯನ್ನು ಮದುವೆಯಾಗಿ ಈಗ ಶಿರಾಜ್‌ನಲ್ಲಿದ್ದಾಳೆ. ಅವಳ ಮಗಳು ನೀಲೋಫರಳಿಗೆ ಥಲಸ್ಸೀಮಿಯಾ. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಹಾಕಿಸಬೇಕು. ಹಾಗೆ ಹಾಕಿಸಿದ ರಕ್ತದ ಕಬ್ಬಿಣ ಮೈಯಲ್ಲಿ ಉಳಿದು ಹೃದಯವನ್ನು ಹಾಳು ಮಾಡುತ್ತದೆ. ಅದನ್ನು ಹೊರಹಾಕಲು ದಿನವೂ ಗುಳಿಗೆ ಬೇಕು. ಸೆಪ್ಟೆಂಬರ್ ಕೊನೆಗೆ ವಿಶ್ವಸಂಸ್ಥೆಯ ನಿರ್ಬಂಧಗಳು ಮರಳಿ ಬಂದ ಮೇಲೆ ಅವರ ಊರಿನ ಔಷಧದ ಅಂಗಡಿಯಲ್ಲಿ ಆ ಗುಳಿಗೆ ಸಿಗುತ್ತಿಲ್ಲ. ಬಾಗಲಕೋಟೆಯಲ್ಲಿ ಸಿಗುತ್ತದೆ.

ಅಕ್ಟೋಬರ್‌ನಲ್ಲಿ ಒಂದು ದಿನ ಫರಹಾನಾ ವಿಡಿಯೊ ಕರೆ ಮಾಡಿ, “ಟೀಚರ್‌ಗೆ ಕನ್ನಡ ಮಾತಾಡಿ ತೋರ್ಸು” ಎಂದು ಮಗಳನ್ನು ಮುಂದೆ ತಳ್ಳಿದಳು. ಆ ಹುಡುಗಿ ಅಪ್ಪಟ ಇಳಕಲ್ಲಿನ ಕನ್ನಡದಲ್ಲಿ ಕೇಳಿದ್ದು ಇಷ್ಟೇ: “ಆರಾಮ ಅದೀರಿ? ನನ್ನ ಗುಳಿಗಿ ಯಾವಾಗ ಬರ್ತಾವ್ರಿ?” ನಾನು ದೀಪಾವಳಿ ಮುಗಿಯುತ್ತಲೇ ಕಳಿಸುತ್ತೇನೆ ಎಂದೆ. ಕೊಟ್ಟ ಮಾತು ನನ್ನದು.

ನವೆಂಬರ್ ಮೊದಲ ವಾರ ಇಳಕಲ್ಲಿಗೆ ಹೋಗಿ, ಮಲೀಕಸಾಬರ ಮನೆಯಲ್ಲೇ ಪೊಟ್ಟಣ ಕಟ್ಟಿದೆವು. ಗುಳಿಗೆಯ ಡಬ್ಬಿಗಳು, ವೈದ್ಯರ ಚೀಟಿ, ಅಂಗಡಿಯ ರಸೀದಿ, ಆಸ್ಪತ್ರೆಯ ಪತ್ರ, ಎಲ್ಲವೂ ಇದ್ದವು. ಹನ್ನೆರಡನೇ ತಾರೀಖು ಅದು ವಾಪಸು ಬಂತು. ‘ಗುರುತಿಲ್ಲದ ಬೂದು ಬಣ್ಣದ ಪುಡಿ ಕಂಡುಬಂದಿದೆ’ ಎಂದು ಬರೆದಿತ್ತು. ಆ ಬಗ್ಗೆ ನಿಮ್ಮನ್ನು ದೂರುವುದಿಲ್ಲ. ಗುರುತಿಲ್ಲದ ಪುಡಿ ಕಂಡರೆ ಯಾರಾದರೂ ತಡೆಯುತ್ತಾರೆ.

ಆದರೆ ಆ ಮನೆಯಲ್ಲಿ ಏನಾಯಿತು ಎಂದು ನಿಮಗೆ ಗೊತ್ತಿರಬೇಕು. ಕಾಗದ ಓದಿ ಹೇಳಿದಾಗ ಮಲೀಕಸಾಬರು ತಮ್ಮ ಅಂಗೈ ತಿರುವಿ ನೋಡಿಕೊಂಡರು. “ನನ್ನ ಕೈಯಾಂದ ಕಲ್ಲಿನ ಹಿಟ್ಟ ಬಿದ್ದಿರಬೇಕ್ರಿ ಟೀಚರ್. ನಾಲ್ವತ್ತ ವರ್ಷ ಆತು, ಉಣ್ಣೂ ರೊಟ್ಟಿಗೂ ಹತ್ತತೈತಿ ಅದು.” ಅವರ ಹೆಂಡತಿ ದಸ್ತಗೀರಬಿ ಬಿಡಲಿಲ್ಲ. “ಕೈ ತೊಳಕೊಂಡ ಬಾ ಅಂತ ಬಡಕೊಂಡೆ. ಫ್ಯಾಕ್ಟರಿ ಕೈಲೆ ಮೊಮ್ಮಗಳ ಔಷಧ ಮುಟ್ಟಿದಿ. ಇನ್ನ ನೀ ಕಲ್ಲ ಮುಟ್ಟು, ಕಲ್ಲಷ್ಟ ಮುಟ್ಟು.” ಎರಡನೇ ಪೊಟ್ಟಣ ಕಟ್ಟುವಾಗ ಮಲೀಕಸಾಬರು ಹೊಸ್ತಿಲ ಆಚೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ದಾರದ ಉಂಡೆ ಉರುಳಿ ಅವರ ಕಾಲ ಬಳಿ ಹೋಯಿತು. ಬಗ್ಗಿ ಎತ್ತಿಕೊಡಲಿಲ್ಲ, ದಸ್ತಗೀರಬಿಯನ್ನು ಕರೆದರು.

ಆ ಎರಡನೆಯದನ್ನೇ ನೀವು ಇಪ್ಪತ್ತೆಂಟರಂದು ಹಿಂದಿರುಗಿಸಿದ್ದು. ಅದರಲ್ಲಿ ಪುಡಿ ಇರಲಿಲ್ಲ. ಕಾರಣವಾಗಿ ‘ತಲುಪಬೇಕಾದ ದೇಶ ನಿರ್ಬಂಧಿತ ಪಟ್ಟಿಯಲ್ಲಿದೆ’ ಎಂದು ಬರೆದಿರಿ. ಬಾಗಲಕೋಟೆಯ ನಿಮ್ಮ ಕಚೇರಿಯ ಅಮರೇಶ ಪಾಪದವನು. “ನಮ್ಮ ಕೈಯಾಗ ಏನೈತ್ರಿ ಮೇಡಂ, ಹುಬ್ಬಳ್ಳಿ ಸಾಹೇಬ್ರು ಒಲ್ಲೆ ಅಂದ್ರ ಒಲ್ಲೆ” ಎಂದ. ಆಮೇಲೆ ನನ್ನ ಗುರುತಿನ ಚೀಟಿ ನೋಡಿ, “ಸಾಹೇಬ್ರದೂ ನಿಮ್ಮ ಅಡ್ಡಹೆಸರ ಐತಲ್ರಿ. ಸಂಬಂಧಿಕರೇನ್ರಿ?” ಎಂದು ಕೇಳಿದ. “ಇದ್ರು” ಅಂದೆ.

ಈಗ ನಿಯಮದ ಮಾತು. ಇರಾನಿನ ಮೇಲೆ ನಿರ್ಬಂಧ ಹೇರಿದವರ ಕಾಗದದಲ್ಲೇ ಔಷಧಕ್ಕೆ ವಿನಾಯಿತಿ ಇದೆ. ಅದನ್ನು ನಾನು ಓದಿದ್ದೇನೆ. ಆ ಪಟ್ಟಿ ನೋಡುವುದೇ ನಿಮ್ಮ ಕೆಲಸ, ಆದ್ದರಿಂದ ನನಗಿಂತ ಮೊದಲು ನೀವು ಓದಿದ್ದೀರಿ. ಬೇಡ ಎಂದು ಬರೆದವನನ್ನು ಯಾರೂ ಪ್ರಶ್ನಿಸುವುದಿಲ್ಲ, ಸರಿ ಎಂದು ಬರೆದವನಿಗೆ ನಾಳೆ ತೊಂದರೆ ಬರಬಹುದು. ಅದಕ್ಕೇ ಬೇಡ ಎಂದು ಬರೆದಿರಿ. ಯಾವ ಸರಕಾರವೂ ನಿಮಗೆ ಇದನ್ನು ಮಾಡು ಅನ್ನಲಿಲ್ಲ. ಅಲ್ಲಿಯ ಸರಕಾರ ಬಾಂಬ್ ಮಾಡುವುದು ನನಗೂ ಬೇಕಿಲ್ಲ. ಆದರೆ ನೀಲೋಫರಳ ಮೈಯಲ್ಲಿ ಸೇರಿಕೊಂಡಿರುವುದು ಕಬ್ಬಿಣ, ಯುರೇನಿಯಂ ಅಲ್ಲ.

ಇದು ಬೇರೆ ಯಾರೋ ಅಧಿಕಾರಿಯ ಸಹಿಯಾಗಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ. 1998 ನೆನಪಿದೆಯೇ? ಮೇ ತಿಂಗಳಲ್ಲಿ ನಮ್ಮ ದೇಶ ಬಾಂಬ್ ಪರೀಕ್ಷೆ ಮಾಡಿತು, ಅಮೆರಿಕ ನಮ್ಮ ಮೇಲೆ ನಿರ್ಬಂಧ ಹೇರಿತು. ನೀವು ಬೆಂಗಳೂರಿನ ಪ್ರಯೋಗಾಲಯದಲ್ಲಿ ಲೋಹ ತುಕ್ಕು ಹಿಡಿಯುವುದರ ಬಗ್ಗೆ ಕೆಲಸ ಮಾಡುತ್ತಿದ್ದಿರಿ. ಎರಡು ವರ್ಷದ ಅಧ್ಯಯನಕ್ಕೆ ಅಮೆರಿಕಕ್ಕೆ ಹೋಗಬೇಕಿದ್ದವರು, ಸೂಟ್‌ಕೇಸ್ ಕೂಡ ಕೊಂಡಾಗಿತ್ತು. ನಿಮ್ಮ ಪ್ರಯೋಗಾಲಯದ ಹೆಸರು ಅವರ ಪಟ್ಟಿಯಲ್ಲಿದೆ ಎಂದು ವೀಸಾ ಕೊಡಲಿಲ್ಲ. ಹಳೆ ಬಾಗಲಕೋಟೆಯ ಮನೆಯ ಅಟ್ಟದ ಮೇಲೆ ಕೂತು ನೀವು ಪತ್ರಿಕೆಗೆ ಬರೆದ ಪತ್ರ ಅಚ್ಚಾಯಿತು. ಆ ಮನೆ ಅಣೆಕಟ್ಟಿನ ಹಿನ್ನೀರಿನಡಿ ಹೋಗುವಾಗ ಏನೇನೋ ಬಿಟ್ಟುಬಂದೆವು, ಪತ್ರಿಕೆಯ ಆ ತುಣುಕನ್ನು ನಾನು ಬಿಡಲಿಲ್ಲ. ಅದರ ಕೊನೆಯ ಸಾಲುಗಳನ್ನು ಇಲ್ಲಿ ನಕಲು ಮಾಡುತ್ತೇನೆ: ‘ನಾನು ಬಾಂಬ್ ಮಾಡಿಲ್ಲ. ಮಾಡಿದವರನ್ನು ಮುಟ್ಟಲಾಗದೆ ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿದವರು ಯಾರು? ಅವರು ಮುಖ ತೋರಿಸಿ ಬಹಿರಂಗವಾಗಿ ಉತ್ತರ ಕೊಡಲಿ.’

ಯಾರೂ ಕೊಡಲಿಲ್ಲ. ನಾನೂ ಕೊಡಲಿಲ್ಲ. ಆ ಮೇ ತಿಂಗಳು ನಾನು ಓಣಿಯಲ್ಲೆಲ್ಲ ಪೇಢೆ ಹಂಚಿದ್ದೆ. ನಿಮ್ಮ ವೀಸಾ ತಪ್ಪಿದಾಗ, “ದೇಶ ದೊಡ್ಡದೋ, ನಿಮ್ಮ ಅಮೆರಿಕಾ ದೊಡ್ಡದೋ” ಎಂದು ಕೇಳಿದ್ದೆ. ಆ ಮಾತು ತಪ್ಪಾಗಿತ್ತು. ಇಪ್ಪತ್ತೇಳು ವರ್ಷ ತಡವಾಗಿ ಹೇಳುತ್ತಿದ್ದೇನೆ. ಆಮೇಲೆ ನೀವು ವಿಜ್ಞಾನ ಬಿಟ್ಟಿರಿ, ಪಟ್ಟಿ ನೋಡುವ ನೌಕರಿ ಹಿಡಿದಿರಿ, ಹುಬ್ಬಳ್ಳಿಗೆ ವರ್ಗವಾದಿರಿ. ನೀವು ಬಾ ಅನ್ನಲಿಲ್ಲ, ನಾನು ಬರಲೇ ಎಂದು ಕೇಳಲಿಲ್ಲ. ಅದರ ಲೆಕ್ಕ ನಮ್ಮಿಬ್ಬರದು, ಅದನ್ನು ಇನ್ನೊಮ್ಮೆ ನೋಡೋಣ. ಆ ಹುಡುಗಿಯ ಬಳಿ ಡಿಸೆಂಬರ್ ಕೊನೆಯವರೆಗಷ್ಟೇ ಗುಳಿಗೆ ಇದೆ, ಅದೂ ಫರಹಾನಾ ದಿನ ಬಿಟ್ಟು ದಿನ ಕೊಡುತ್ತಿರುವುದರಿಂದ.

ಹದಿನೈದನೇ ತಾರೀಖು ಸೋಮವಾರ ಮೂರನೇ ಪೊಟ್ಟಣವನ್ನು ಅಮರೇಶನ ಕೈಗೆ ಕೊಡುತ್ತೇನೆ. ವಿನಾಯಿತಿಯ ನಿಯಮದ ಪ್ರತಿ ಮೇಲೆಯೇ ಅಂಟಿಸಿರುತ್ತದೆ. ನೀವು ಸಹಿ ಹಾಕುತ್ತೀರಿ ಎಂದೇ ನನ್ನ ನಂಬಿಕೆ. ಆ ಅಟ್ಟದ ಮೇಲೆ ಕೂತಿದ್ದ ಮನುಷ್ಯ ಪೂರ್ತಿ ಸತ್ತಿಲ್ಲ ಎಂದುಕೊಂಡಿದ್ದೇನೆ. ಹಾಕದಿದ್ದರೆ, ಇಪ್ಪತ್ತರ ಶನಿವಾರ ನವನಗರದ ಕಾಲೇಜಿನಲ್ಲಿ ‘ಜಾಗತಿಕ ವ್ಯಾಪಾರ: ನಿಯಮ ಮತ್ತು ಜವಾಬ್ದಾರಿ’ ಎಂಬ ನಿಮ್ಮ ಭಾಷಣವಿದೆಯಲ್ಲ, ಮೊದಲ ಸಾಲಿನಲ್ಲಿ ನಾನು ಮತ್ತು ಮಲೀಕಸಾಬರು ಕೂತಿರುತ್ತೇವೆ. 1998ರ ತುಣುಕನ್ನು ಎದ್ದು ನಿಂತು ಓದುತ್ತೇನೆ. ನೀವು ಅಂದು ಕೇಳಿದ ಪ್ರಶ್ನೆಗೆ ನೀವೇ, ಎಲ್ಲರ ಎದುರು, ಉತ್ತರ ಕೊಡಬೇಕು.

ಬಾಗಿಲ ಕಲ್ಲಿನಲ್ಲಿ ಇನ್ನೂ ನಿಮ್ಮ ಹೆಸರಿನ ಕೆಳಗಿರುವ
ಮಹಾದೇವಿ

ತಾ.ಕ.: ಮೊದಲ ಪೊಟ್ಟಣದಲ್ಲಿದ್ದ ಪುಡಿ ಕಲ್ಲಿನದಲ್ಲ. ಕಮತಗಿಯ ನನ್ನ ತವರಿನ ಓಣಿಯಲ್ಲಿ ಮೊಹರಂ ದಿನ ಬೆಂಕಿ ಹಾಕುವ ಗುಂಡಿ, ಅಲಾಯಿ ಕುಣಿಯ ಬೂದಿ ಅದು. ನಮಗೆ ಜ್ವರ ಬಂದಾಗ ಅವ್ವ ಹಣೆಗೆ ಹಚ್ಚುತ್ತಿದ್ದಳು. ಮೂವತ್ತು ವರ್ಷ ಮಕ್ಕಳಿಗೆ ಇಂಥದ್ದನ್ನೆಲ್ಲ ನಂಬಬೇಡಿ ಎಂದು ಪಾಠ ಹೇಳಿದ ನಾನೇ, ಯಾರೂ ನೋಡದಂತೆ ಒಂದು ಚಿಟಿಕೆ ಕಾಗದದಲ್ಲಿ ಮಡಿಚಿ ಡಬ್ಬಿಯ ಸಂದಿಯಲ್ಲಿ ಇಟ್ಟಿದ್ದೆ. ಮಲೀಕಸಾಬರು ಮೂರು ವಾರ ತಮ್ಮ ಕೈಯನ್ನು ತಾವೇ ಬೈದುಕೊಳ್ಳುವುದನ್ನು ನೋಡಿಕೊಂಡು ಸುಮ್ಮನಿದ್ದೆ. ನಿನ್ನೆ ಇಳಕಲ್ಲಿಗೆ ಹೋಗಿ, ಅವರು ಕೆಲಸ ಮಾಡುವ ಪಾಲಿಷ್ ಫ್ಯಾಕ್ಟರಿಯಲ್ಲಿ ಮಷಿನ್ ಬಂದ್ ಮಾಡಿಸಿ, ದಸ್ತಗೀರಬಿಯನ್ನೂ ಕರೆಸಿ, ಎಲ್ಲ ಕೆಲಸಗಾರರ ಎದುರು ತಪ್ಪು ಒಪ್ಪಿಕೊಂಡೆ. ಮಲೀಕಸಾಬರು, “ನಮ್ಮ ಮನ್ಯಾಗೂ ಒಂದ ಡಬ್ಬಿ ಐತ್ರಿ ಆ ಬೂದಿ. ನಾನೂ ಇಡಬೇಕಂತ ಮಾಡಿದ್ದೆ, ಟೀಚರ್ ಬೈತಾರ ಅಂತ ಬಿಟ್ಟೆ” ಎಂದರು. ಮೂರನೇ ಪೊಟ್ಟಣವನ್ನು ಅವರೇ ತಮ್ಮ ಕೈಯಿಂದ ಕಟ್ಟುತ್ತಾರೆ. ನನ್ನ ಉತ್ತರವನ್ನು ನಾನು ಜನರ ಎದುರು ಕೊಟ್ಟಾಯಿತು. ನಿಮ್ಮದು ಎಲ್ಲಿ?