ಮರ ಹತ್ತಿದವರು ಯಾರು

ಅಮ್ಮಾ,

ಇವತ್ತು ಮ್ಯೂಸಿಯಮ್ಮಿನಲ್ಲಿ ಆ ಪಕ್ಷಿತಜ್ಞರ ಪ್ರತಿಮೆ ಅನಾವರಣ ಮಾಡಿದರು. ನೂರನಲವತ್ತು ವರ್ಷಗಳ ಹಿಂದೆ ಅವರೊಬ್ಬರೇ ಮರ ಹತ್ತಿ ಇಲ್ಲಿನ ಗಾಜಿನ ಪೆಟ್ಟಿಗೆಗಳಲ್ಲಿರುವ ಇಷ್ಟೂ ಹಕ್ಕಿಮೊಟ್ಟೆಗಳನ್ನು ತಂದರೆಂದು ನಿರ್ದೇಶಕರು ಹೊಗಳಿದಾಗ ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತೆ.

“ಅವರಿಗೆ ಕಾಲೇ ಸರಿ ಇರ್ಲಿಲ್ಲ ಸ್ವಾಮಿ. ಮರ ಹತ್ತಿದ್ದು ಅವರ ಹತ್ರ ಕೆಲಸಕ್ಕಿದ್ದ ನಮ್ಮ ಮುತ್ತಜ್ಜ. ಬಿದ್ದು ಸತ್ತಿದ್ದೂ ಅವರೇ.”

ಸಭೆ ನಕ್ಕಿತು. “ದಾಖಲೆ ಏನಾದ್ರೂ ಇದೆಯೇನಮ್ಮ?” ಎಂದರು ನಿರ್ದೇಶಕರು, ಮಗುವನ್ನು ರಮಿಸುವ ಹಾಗೆ.

ತಾನು ಹತ್ತಿ ಮೊಟ್ಟೆ ತೆಗೆದ ಗೂಡುಗಳನ್ನು ಮುತ್ತಜ್ಜ ದಿನವೂ ಬರೆದಿಟ್ಟ ಪಟ್ಟಿಯನ್ನು ನೀನು ಸಾಯುವವರೆಗೂ ಜೋಪಾನ ಮಾಡಿದ್ದೆ. “ಒಂದ್ಸಲ ಓದೇ,” ಅಂತ ಎಷ್ಟು ಸಲ ಕರೆದೆ. ನಿನ್ನ ಕಪಾಟು ಖಾಲಿ ಮಾಡುವಾಗ ನಾನದನ್ನು ಬಿಚ್ಚಿಯೂ ನೋಡದೆ ರದ್ದಿಗೆ ಹಾಕಿದೆ.

“ಇತ್ತು,” ಎಂದಷ್ಟೇ ಹೇಳಿ ಕೂತೆ. ಏನಾಯಿತೆಂದು ಅವರು ಕೇಳಲಿಲ್ಲ. ನೀನಾಗಿದ್ದರೆ ಕೇಳುತ್ತಿದ್ದೆ.