ನಾಲಿಗೆಯಡಿಯ ದಾರ

ಕೋಟ ಪಡುಕೆರೆ
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಕುಷ್ಟಣ್ಣಾ,

ಹೇಗಿದ್ದಿ? ಸೊಂಟದ ನೋವು ಕಡಿಮೆಯಾಯಿತೆ? ರತ್ನಗಿರಿಯ ಬೋಟಿನಲ್ಲಿ ಮೀನು ಸಾರಿಗೆ ಕಾಯಿ ಅರೆದು ಹಾಕುವುದಿಲ್ಲವೆಂದು ಮುಖ ಊದಿಸಿಕೊಂಡಿದ್ದೆಯಲ್ಲ, ಈಗ ಅದಕ್ಕೂ ಒಗ್ಗಿರಬಹುದು. ನೀನು ಸಮುದ್ರದಿಂದ ದಡಕ್ಕೆ ಬರುವಷ್ಟರಲ್ಲಿ ಈ ಪತ್ರ ನಿಮ್ಮ ಧಣಿಗಳ ಆಫೀಸಿಗೆ ಬಂದು ಕೂತಿರುತ್ತದೆ. ವಾಟ್ಸ್ಯಾಪಿನಲ್ಲಿ ಇಷ್ಟುದ್ದ ಬರೆದರೆ ನೀನು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುವವನು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಡೆ ಎಂಜಿನ್ನಿನ ಗಲಾಟೆ, ನನ್ನ ಕಡೆ ನನ್ನ ಮಾತು. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ನಾನು ಆರೋಗ್ಯವಾಗಿದ್ದೇನೆ. ನಿನ್ನ ಭಾವ ಮಲ್ಪೆಯ ಬೋಟಿಗೆ ಹೋದವರು ಇನ್ನೂ ಬಂದಿಲ್ಲ. ಗುಲಾಬಿ ಅತ್ತೆ ಬೆಳಗಾಗುತ್ತಲೇ ಮೀನಿನ ಬುಟ್ಟಿಯೊಂದಿಗೆ ಕೋಟ ಪೇಟೆಗೆ ಹೊರಟರೆ ಮನೆಯಲ್ಲಿ ನಾನು ಮತ್ತು ಮಗಳು ಚಂದನಾ ಇಬ್ಬರೇ. ಅಮ್ಮ ಇದ್ದಿದ್ದರೆ ಬಾಣಂತನಕ್ಕೆ ಉಪ್ಪುಂದದ ನಮ್ಮ ಮನೆಗೇ ಬರುತ್ತಿದ್ದೆ. ಹಾಗೆಂದು ಅತ್ತೆಯನ್ನು ದೂರುವಂತಿಲ್ಲ. ಕಷಾಯ, ಬಿಸಿನೀರು, ಒಂದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಅಣ್ಣ, ಒಂದು ಮಾತೂ ಆಡದೆ ಸಂಜೆಯಾಗುತ್ತದೆ. ಈ ಮನೆಯಲ್ಲಿ ನನಗೆ ಬಹಳ ಒಳ್ಳೆಯ ಹೆಸರಿದೆ, ಗೊತ್ತಾ? ಜಲಜ ಬಾಯಿ ಬಿಡುವುದಿಲ್ಲ, ಎದುರು ಮಾತಾಡುವುದಿಲ್ಲ ಎಂದು ಅತ್ತೆ ಪೇಟೆಯ ಹೆಂಗಸರಿಗೆಲ್ಲ ಹೇಳಿದ್ದಾರೆ. ಹೆಣ್ಣು ನೋಡಲು ಬಂದ ದಿನ ಅವರು ಕೇಳಿದ್ದಕ್ಕೆಲ್ಲ ನೀನೇ ಉತ್ತರ ಕೊಟ್ಟೆ, ನಾನು ತಲೆ ತಗ್ಗಿಸಿ ಕೂತಿದ್ದೆ. ಅವರು ಅದನ್ನು ನಾಚಿಕೆ ಎಂದುಕೊಂಡು ಮೆಚ್ಚಿ ಹೋದರು. ಆಮೇಲೆ ನನ್ನ ಮಾತು ಸ್ಪಷ್ಟವಿಲ್ಲವೆಂದು ಗೊತ್ತಾದಾಗಲೂ ಹೆದರಿಕೆಯ ಹುಡುಗಿ ಎಂದು ಬಿಟ್ಟುಬಿಟ್ಟರು. ಶಾಲೆಯಲ್ಲೂ ನನ್ನ ಮಾತು ಟೀಚರಿಗೆ ತಿಳಿಯದೆ ಹೋದಾಗ ನೀನೇ ತಾನೆ, "ಅದಕ್ಕೆ ನೀರ್ ಬೇಕಂಬ್ರ್ ಟೀಚರೇ" ಎಂದು ಪಕ್ಕದ ಕ್ಲಾಸಿನಿಂದ ಎದ್ದು ಬರುತ್ತಿದ್ದವನು.

ಈಗಿನ ವಿಷಯ ಮಗುವಿನದು. ಹುಟ್ಟಿದಂದಿನಿಂದ ಹಾಲು ಕುಡಿಯಲು ಒದ್ದಾಡುತ್ತಿದ್ದಳು. ಬಾಯಿ ಇಡುವುದು, ಚಪ್ ಚಪ್ ಎಂದು ಸ್ವಲ್ಪ ಚೀಪುವುದು, ಜಾರುವುದು, ಅಳುವುದು. ದಣಿದು ನಿದ್ದೆ ಹೋದವಳು ಹಸಿದು ಮತ್ತೆ ಏಳುತ್ತಿದ್ದಳು. ನನಗಂತೂ ಹಾಲೂಡಿಸುವಾಗ ಜೀವ ಹೋಗುವಷ್ಟು ನೋವು. ಅಣ್ಣನಿಗೆ ಇದನ್ನೆಲ್ಲ ಬರೆಯಬಾರದು, ಆದರೆ ಬೇರೆ ಯಾರಿಗೆ ಬರೆಯಲಿ? ತೂಕ ಏರಲೇ ಇಲ್ಲ. ಅತ್ತೆ "ಹಾಲ್ ಸಾಕಾತಿಲ್ಲ" ಎಂದು ಬಾಟಲಿ ತಂದರು, ನಾಲಿಗೆ ಚುರುಕಾಗಲೆಂದು ಬಜೆ ತೇಯ್ದು ನೆಕ್ಕಿಸಿದರು. ಒಂದು ದಿನ ಅವಳು ಬಾಯಿ ತುಂಬ ತೆರೆದು ಅಳುವಾಗ ನೋಡಿದೆ. ನಾಲಿಗೆ ಮೇಲೆ ಏಳುತ್ತಲೇ ಇಲ್ಲ. ತುದಿ ನಡುವೆ ಒಳಗೆ ಎಳೆದುಕೊಂಡು ವೀಳ್ಯದೆಲೆಯ ತೊಟ್ಟಿನ ಕಡೆಯ ಹಾಗೆ ಕಾಣುತ್ತಿತ್ತು. ಅಡಿಯಲ್ಲಿ ಬಿಳಿ ದಾರದಂಥ ಚರ್ಮ. ಕನ್ನಡಿಯ ಮುಂದೆ ಹೋಗಿ ನನ್ನದನ್ನೂ ಎತ್ತಿ ನೋಡಿಕೊಂಡೆ. ಒಂದೇ ಅಚ್ಚು. ಅಲ್ಲೇ ಕೂತು ಅತ್ತುಬಿಟ್ಟೆ. ಇವಳ ಪರವಾಗಿ ಉತ್ತರ ಕೊಡಲು ಒಬ್ಬ ಅಣ್ಣನೂ ಇಲ್ಲವಲ್ಲ ಎನಿಸಿತು.

ಹೇಗೋ ಅತ್ತೆಯನ್ನು ಹೊರಡಿಸಿಕೊಂಡು ಕುಂದಾಪುರಕ್ಕೆ ಹೋದೆ. ಮಕ್ಕಳ ಡಾಕ್ಟರ ಹೆಸರು ಸ್ವಾತಿ, ನನ್ನದೇ ಪ್ರಾಯ ಇರಬಹುದು. ಅವರು ಕೇಳಿದ್ದು ನನ್ನನ್ನು, ಉತ್ತರ ಕೊಟ್ಟದ್ದು ಅತ್ತೆ. ಸೊಸೆಗೆ ಹಾಲು ಕಡಿಮೆ, ಮಾತೂ ಕಡಿಮೆ, ಒಂದು ಟಾನಿಕ್ ಬರೆದುಕೊಡಿ ಎಂದರು. ನಾನು ನಾಲಿಗೆ ಎಂದೆ, ಡಾಕ್ಟರಿಗೆ ತಿಳಿಯಲಿಲ್ಲ. ಮತ್ತೆ ಹೇಳಿದೆ. ಅವರು ಅತ್ತೆಯ ಮುಖ ನೋಡಿದರು, ಅತ್ತೆ ಏನಿಲ್ಲವೆಂದು ತಲೆಯಾಡಿಸಿದರು. ಡಾಕ್ಟರು ಪೆನ್ನು ಎತ್ತಿ ಟಾನಿಕ್ ಬರೆಯತೊಡಗಿದರು. ಆಗ ನಿನ್ನ ನೆನಪು ಎಷ್ಟು ಬಂತೆಂದರೆ, ಬಾಗಿಲ ಕಡೆ ತಿರುಗಿಯೂ ನೋಡಿದೆ. ಆಮೇಲೆ ಕುರ್ಚಿಯಿಂದ ಎದ್ದು ಡಾಕ್ಟರ ಮುಂದೆ ಬಾಯಿ ತೆರೆದು ನನ್ನ ನಾಲಿಗೆ ಎತ್ತಿ ತೋರಿಸಿದೆ, ಮಗುವಿನ ಬಾಯಿಯ ಕಡೆ ಬೆರಳು ಮಾಡಿದೆ. ಅವರು ತಕ್ಷಣ ಎದ್ದು ಮಗುವನ್ನು ಎತ್ತಿಕೊಂಡರು. ಅತ್ತೆಯೂ ಬಗ್ಗಿ ನನ್ನ ಬಾಯೊಳಗೆ ನೋಡಿದರು, ಮದುವೆಯಾದ ಮೇಲೆ ಮೊದಲ ಸಲ. "ನೀ ಎಂತಕ್ಕೆ ಹೇಳ್ಲಿಲ್ಲ ಹೆಣೆ?" ಎಂದರು. ನಾನು ಹೇಳುವುದಾದರೂ ಹೇಗೆಂದು ಅವರಿಗೂ ಆಮೇಲೆ ಹೊಳೆಯಿತೋ ಏನೋ, ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಡಾಕ್ಟರು ನಾನು ಹಾಲೂಡಿಸುವುದನ್ನು ಪಕ್ಕದಲ್ಲೇ ಕೂತು ನೋಡಿದರು. ಈ ದಾರ ಇರುವ ಮಕ್ಕಳಿಗೆಲ್ಲ ಕತ್ತರಿಸಬೇಕೆಂದಿಲ್ಲವಂತೆ, ಕುಡಿಯಲು ಕಷ್ಟವಿಲ್ಲದಿದ್ದರೆ ಹಾಗೇ ಬಿಡಬಹುದಂತೆ. ಇವಳದು ತುದಿಯವರೆಗೂ ಬಿಗಿದಿದೆ ಎಂದರು. ಕೊಯ್ದರೆ ಮುಂದೆ ಮಾತೇ ಬರುವುದಿಲ್ಲವೆಂದು ನೆರೆಮನೆಯ ಸರಸಕ್ಕ ಹಿಂದೆ ಯಾವಾಗಲೋ ಅಂದದ್ದನ್ನು ಅತ್ತೆ ಹೇಳಿದಾಗ ಡಾಕ್ಟರು ನಕ್ಕರು. ಮಗುವನ್ನು ಬಟ್ಟೆಯಲ್ಲಿ ಸುತ್ತಿ, ನಾಲಿಗೆ ಎತ್ತಿ ಹಿಡಿದು, ಸಣ್ಣ ಕತ್ತರಿಯಲ್ಲಿ ಒಮ್ಮೆ ಕತ್ತರಿಸಿದರು. ಸ್ವಲ್ಪ ರಕ್ತ, ಜೋರು ಅಳು, ಕೂಡಲೇ ನನ್ನ ಮಡಿಲಿಗೆ ಕೊಟ್ಟರು. ಗಟ್ಟಿ ಹಿಡಿದಳು ಅಣ್ಣ. ಅಂದೇ ಎಲ್ಲ ಸರಿಹೋಯಿತೆಂದಲ್ಲ. ನರ್ಸು ಹೇಳಿಕೊಟ್ಟ ರೀತಿಯಲ್ಲೇ ದಿನಾ ಮಗುವನ್ನು ಹಿಡಿದು ಹಾಲೂಡಿಸಿದೆ. ಈಗ ತೂಕ ಏರುತ್ತಿದೆ. ಅತ್ತೆ ಬಜೆ ತೇಯುವುದನ್ನು ನಿಲ್ಲಿಸಿದ್ದಾರೆ. ಅದರ ಬದಲು ಪೇಟೆಯಲ್ಲಿ ಯಾರ ಕೂಸು ಕಂಡರೂ ಬಾಯಿ ತೆರೆಸಿ ನೋಡುವ ಚಾಳಿ ಶುರುವಾಗಿದೆ.

ನಿನ್ನ ಬೋಟಿನಲ್ಲಿರುವ ನಮ್ಮೂರಿನವರನ್ನೆಲ್ಲ ಕೇಳಿದೆನೆಂದು ಹೇಳು. ಚಂದನಾ ಮಾವನಿಗೆ ಕೈ ಮುಗಿಯುತ್ತಿದ್ದಾಳೆ, ನಾನೇ ಹಿಡಿದು ಮುಗಿಸಿದ್ದು. ಗಾಳಿ ಜೋರಿದ್ದಾಗ ಬೋಟಿನ ಅಂಚಿಗೆ ಹೋಗಿ ನಿಲ್ಲಬೇಡ.

ಇತಿ ನಿನ್ನ ತಂಗಿ,
ಜಲಜ

ಮತ್ತೊಂದು ಮಾತು: ಇದನ್ನು ಮೇಲೆಯೇ ಬರೆಯಬೇಕಿತ್ತು, ಧೈರ್ಯವಾಗಲಿಲ್ಲ. ನನ್ನದನ್ನೂ ಬಿಡಿಸಬಹುದೆಂದು ಆ ಡಾಕ್ಟರು ಇನ್ನೊಬ್ಬರ ಹತ್ತಿರ ಕಳಿಸಿದರು. ದೊಡ್ಡವರಿಗೆ ಮರಗಟ್ಟಿಸಿ, ಹೊಲಿಗೆ ಹಾಕಿ ಮಾಡುವುದಂತೆ. ಅದೊಂದರಿಂದಲೇ ಮಾತು ಸರಿಹೋಗುವುದಿಲ್ಲ, ಬ್ರಹ್ಮಾವರದಲ್ಲಿ ಮಾತು ಕಲಿಸುವವರ ಬಳಿ ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕಂತೆ. ಮಾಡಿಸಿಕೊಳ್ಳುತ್ತೇನೆ ಅಣ್ಣ, ಮಗಳನ್ನು ಅವಳ ಹೆಸರಿನಿಂದ ಕರೆಯಬೇಕು ನನಗೆ. ಜನವರಿಯಲ್ಲಿ ದಿನ ಕೊಟ್ಟಿದ್ದಾರೆ. ಅದಕ್ಕೆ ಮೊದಲು ಒಂದು ಸಲ ರಜೆ ಮಾಡಿ ಬಾ. ನನ್ನ ಈ ತೊದಲು ಮಾತು ಹೋಗುವ ಮುಂಚೆ, ಇದರಲ್ಲೇ ಒಮ್ಮೆ ನಿನ್ನ ಹತ್ತಿರ ಮನಸ್ಸು ತುಂಬ ಮಾತಾಡಬೇಕು. ಇದು ತಿಳಿಯುವುದು ನಿನಗೊಬ್ಬನಿಗೇ.