ಒಂಬತ್ತೂವರೆಯ ಮಿಸ್ಡ್ ಕಾಲ್

ಮೇ 6, 2025. ಮಂಗಳವಾರ

ಬೆಳಿಗ್ಗೆಯಿಂದ ಹನ್ನೊಂದು ಪೇಷೆಂಟ್. "ಡಾಕ್ಟರ್ ಇನ್ನೈದು ನಿಮಿಷದಲ್ಲಿ ಬರ್ತಾರೆ" ಎಂದು ಎಂಟು ಸಲ ಹೇಳಿದೆ. ಡಾ. ಫವಾಝ್ ಆಗ ಇನ್ನೂ ಅಲ್ ಅಜೀಜಿಯಾದ ಮನೆಯಲ್ಲೇ. ಅರಬರ ನಾಡಿನ ಈ ಕ್ಲಿನಿಕ್ಕಿನಲ್ಲಿ ಹಲ್ಲುನೋವಿಗೆ ಮೊದಲ ಮದ್ದು ರಿಸೆಪ್ಶನಿಸ್ಟ್ ಲೊರ್ನಾಳ, ಅಂದರೆ ನನ್ನ, ಸುಳ್ಳು.

ಒಂಬತ್ತೂವರೆಗೆ, ದಿನದಂತೆ, ಡೆಸ್ಕಿನ ಫೋನ್ ಒಂದೇ ರಿಂಗ್ ಆಗಿ ನಿಂತಿತು. ನರ್ಸ್ ಹಲೀನಾಳ ಅಮ್ಮ. ಉಕ್ರೇನಿನ ಆ ಹಳ್ಳಿಯಲ್ಲಿ ಈಗ ಜನ ಇರುವುದು ಹದಿನಾಲ್ಕು ಮನೆಗಳಲ್ಲಂತೆ. ಬಸ್‌ಸ್ಟಾಪಿನ ದಿಬ್ಬ ಹತ್ತಿದರೆ ಮಾತ್ರ ಸಿಗ್ನಲ್. ಹಲೀನಾ ಟ್ರೀಟ್‌ಮೆಂಟ್ ರೂಮಿಗೆ ಮೊಬೈಲ್ ಒಯ್ಯುವಂತಿಲ್ಲ. ಮಿಸ್ಡ್ ಕಾಲ್ ಐಡಿಯಾ ನನ್ನದೇ. ಊರಿನಿಂದ, ಶಿರ್ವದಿಂದ, ನಮ್ಮಮ್ಮ ಕೊಡುತ್ತಿದ್ದಳಲ್ಲ, ಒಂದು ರಿಂಗ್ ಅಂದರೆ ಕ್ಷೇಮ. ಆ ಮುದುಕಿ ಒಂದೇ ದಿನದಲ್ಲಿ ಕಲಿತಳು. ಡೆಸ್ಕ್ ಫೋನಿನ ಡಿಸ್‌ಪ್ಲೇ ಸತ್ತಿದೆ. ಸಾಕ್ಷಿ ನನ್ನ ಕಿವಿ ಮಾತ್ರ.

ಮೇ 8

ರಿಂಗ್ 10.20ಕ್ಕೆ ಬಂತು! ಅಷ್ಟರಲ್ಲಿ ನನಗೇ ಬಿ.ಪಿ. ಮುದುಕಿಯ ಆಡು ತಪ್ಪಿಸಿಕೊಂಡಿತ್ತಂತೆ, ಹುಡುಕಲು ಹೋಗಿದ್ದಳಂತೆ. ಹಲೀನಾ ಸಂಜೆ ನಗುತ್ತ ಹೇಳಿದಳು. ನನಗೆ ನಗು ಬರಲಿಲ್ಲ. ಬಾಂಬು ಬೀಳುವ ಊರಲ್ಲಿ ಆಡು ಯಾಕೆ ಬೇಕು, ದೇವರೇ...

ಮೇ 11, ಭಾನುವಾರ. ಮಧ್ಯಾಹ್ನ 1.30

9.30 — ಇಲ್ಲ. 9.50 — ಇಲ್ಲ. ಹಲೀನಾ ಮೂರು ಸಲ ಹೊರಗೆ ಬಂದಳು. ಒಳಗೆ ಚೇರಿನಲ್ಲಿ ಆರು ವರ್ಷದ ಹುಡುಗಿ ಬಾಯಿ ತೆರೆದು ಕೂತಿದೆ. ಹಲೀನಾ ಡಾಕ್ಟರ್ ಕೇಳಿದ್ದು ಬಿಟ್ಟು ಬೇರೆ ಉಪಕರಣ ಕೊಡುತ್ತಿದ್ದಾಳೆ. ಡಾಕ್ಟರ್ ಗದರಿದರು, "ಲೊರ್ನಾ, ಇವಳಿಗೆ ಎಂತಾಗಿದೆ ಇವತ್ತು?"

ಹತ್ತಕ್ಕೆ ಮತ್ತೆ ಬಂದಳು. "ಬಂತು, ಈಗಷ್ಟೇ" ಎಂದುಬಿಟ್ಟೆ.

ಹೇಗೂ ಬರುತ್ತದಲ್ಲ. ಆಡಿನ ಹಿಂದೆ ಹೋಗಿರಬೇಕು. ಐದು ನಿಮಿಷದ ಸುಳ್ಳು, ದಿನಾ ಹೇಳುವಂಥದ್ದೇ.

ಇನ್ನೂ ಬಂದಿಲ್ಲ.

ಸಂಜೆ 6

ಬೆಳಿಗ್ಗೆ ಎಂಟಕ್ಕೇ ಆ ಹಳ್ಳಿಯ ಮೇಲೆ ಬಾಂಬ್ ಬಿದ್ದಿದೆ. ಹಲೀನಾಳ ಕಸಿನ್ ಪೆತ್ರೋ ಫೋನ್ ಮಾಡಿದ್ದ. ಮನೆ ಕುಸಿದಿದೆ. ಅಮ್ಮ ಸಿಗುತ್ತಿಲ್ಲ. ಇವಳೇ ಅವನಿಗೆ ಧೈರ್ಯ ಹೇಳಿದಳಂತೆ — "ಹತ್ತಕ್ಕೆ ಅಮ್ಮ ರಿಂಗ್ ಕೊಟ್ಟಿದ್ದಾಳೆ. ಅಂದರೆ ದಿಬ್ಬದ ತನಕ ನಡೆದಿದ್ದಾಳೆ. ರಸ್ತೆಯಲ್ಲಿ ನೋಡು, ಜನರನ್ನು ಸಾಗಿಸುವ ಬಸ್ಸುಗಳಲ್ಲಿ ನೋಡು."

ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು.

ಅಲ್ಲಿ ಮನೆಯೊಳಗೆ ಯಾರೂ ಹುಡುಕುತ್ತಿಲ್ಲ. ನನ್ನಿಂದ. ಆಗಲೇ ಹೇಳಬೇಕಿತ್ತು. ಹೇಡಿ ನಾನು.

ಮೇ 12, ಬೆಳಿಗ್ಗೆ 5

ಆನ್ಸೆಲ್ಮ್ ಕೆಲಸಕ್ಕೆ ಮೆಸಯೀದ್‌ಗೆ ಹೋಗುವ ಬಸ್ಸು ಹಿಡಿಯಲು ಶೂ ಹಾಕುತ್ತಿದ್ದ. ಗಂಡನ ಹತ್ತಿರವಾದರೂ ಹೇಳಿಬಿಟ್ಟೆ. ಶುಕ್ರವಾರ ಪಾದ್ರಿಯ ಬಳಿ ಪಾಪನಿವೇದನೆ ಮಾಡುತ್ತೇನೆ ಎಂದೆ.

"ಎಂತ ಮಾರಾಯ್ತಿ! ಪಾದ್ರಿ ಅಲ್ಲಿಗೆ ಹೋಗಿ ಕಲ್ಲು ಎತ್ತುತ್ತಾರಾ? ಅವಳನ್ನು ಕರೆ. ಈಗಲೇ."

6.15

ಹೇಳಿದೆ. ಹಲೀನಾ ಮೇಲಿನ ಮಹಡಿಯ ತನ್ನ ಮನೆಯಿಂದ ಚಪ್ಪಲಿ ಹಾಕದೆ ಇಳಿದು ಬಂದಿದ್ದಳು, ಒಳ್ಳೆ ಸುದ್ದಿ ಎಂದುಕೊಂಡು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೆತ್ರೋಗೆ ಫೋನ್ ಮಾಡಿ ಕೂಗಿದಳು, ಒಂದೇ ಪದವನ್ನು ಮತ್ತೆ ಮತ್ತೆ. ನೆಲಮಾಳಿಗೆ ಎಂದು ಅರ್ಥವಂತೆ. ಬಾಂಬ್ ಸದ್ದು ಕೇಳಿದರೆ ಅಮ್ಮ ಇಳಿಯುವುದು ಅಲ್ಲಿಗೇ.

ಬಾಂಬ್ ಬಿದ್ದು ಇಪ್ಪತ್ತೆರಡು ಗಂಟೆಯಾಯಿತು.

10.05

ಇಬ್ಬರೂ ಕೆಲಸಕ್ಕೆ ಹೋಗಿಲ್ಲ. ಅವಳು ನಮ್ಮ ಸೋಫಾದಿಂದ ಎದ್ದಿಲ್ಲ. ನಾನು ಬರೆಯುತ್ತಿದ್ದೇನೆ, ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ. ಅಲ್ಲಿ ನೆಲಮಾಳಿಗೆ ಅಗೆಯುತ್ತಿದ್ದಾರಂತೆ. ತನ್ನ ಫೋನನ್ನು ನನ್ನ ಮುಂದೆ ಇಟ್ಟಳು. "ನನ್ನಿಂದಾಗದು. ನೀನೇ ನೋಡು. ಕಂಡದ್ದನ್ನು ಮಾತ್ರ ಹೇಳು."

ಬಂತು. ಪೆತ್ರೋ ಕಳಿಸಿದ ಫೋಟೊ. ಮುದುಕಿಯನ್ನು ಬಾಗಿಲಿನ ಹಲಗೆಯ ಮೇಲೆ ಮಲಗಿಸಿದ್ದಾರೆ. ಉಣ್ಣೆಯ ಕಾಲುಚೀಲ. ಯಾರೋ ಅಡ್ಡ ಬಗ್ಗಿದ್ದಾರೆ, ಅವಳ ಮುಖ ಕಾಣುವುದಿಲ್ಲ. ಕೆಳಗೆ ಎರಡು ಸಾಲು. ಆ ಅಕ್ಷರ ನನಗೆ ಬಾರದು.

"ಹೇಳು" ಎನ್ನುತ್ತಿದ್ದಾಳೆ, ಮುಖ ಮುಚ್ಚಿಕೊಂಡೇ.

ಬದುಕಿದ್ದಾರೆ ಎಂಬ ಮಾತು ಬಾಯಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ. "ಸಿಕ್ಕಿದ್ದಾರೆ, ಹಲೀನಾ. ಮುಖ ಕಾಣುವುದಿಲ್ಲ. ನೀನೇ ಓದಬೇಕು."

ತೆಗೆದುಕೊಂಡಳು. ಓದುತ್ತಿದ್ದಾಳೆ. ಮೊದಲ ಸಾಲು ಮುಗಿಯಿತು. ಎರಡನೆಯ—